ಆ ಆಡಿಟ್ ಕೆಲಸ ಒಪ್ಪಿಕೊಳ್ಳಲಾ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಅಂಗಡಿಗೆ ಹೋಗಿ ಬೆಲೆ, ಸರಕು ಎಲ್ಲ ತಪಾಸಣೆ ಮಾಡುವ, ಇಡೀ ದಿನ ಹಿಡಿಯುವ ಆ ಆಡಿಟ್ ಒಪ್ಪಿಕೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಈಗ ಕೊಡುತ್ತೇವೆ ಅಂದಿರುವ ದುಡ್ಡಿಗೆ ಬೇಡ ಕಣೋ. ಹಾಗಂತ ಮಿಸ್ಟರಿ ಶಾಪಿಂಗ್, ಅಂದರೆ ಗಿರಾಕಿಯ ಥರ ಅಂಗಡಿಗೆ ಹೋಗಿ ಅಲ್ಲಿನ ಸೇವೆ ಹೇಗಿದೆ ಅಂತ ಗುಟ್ಟಾಗಿ ನೋಡಿ ವರದಿ ಕೊಡುವುದು, ಅನ್ನುವುದೇ ದಂಡ ಅಂತ ನಾನು ಹೇಳುತ್ತಿಲ್ಲ. ನಾನೂ ಮಾಡುತ್ತಾ ಬಂದಿದ್ದೇನೆ, ಇಷ್ಟಪಟ್ಟೇ ಮಾಡುತ್ತೇನೆ. ಆದರೆ ಇದರಲ್ಲಿ ಸಮಯದ ಲೆಕ್ಕ ಸರಿಯಾಗಿ ಹಾಕದಿದ್ದರೆ ದುಡಿದದ್ದೆಲ್ಲ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಈ ಕೆಲಸ ಕೊಡುವ ಏಜೆನ್ಸಿಯವರು ‘ಒಂದು ಗಂಟೆಯ ಕೆಲಸ’ ಅಂತ ಬರೆದಿರುತ್ತಾರೆ. ಅದು ಅಂಗಡಿಯೊಳಗೆ ಕಳೆಯುವ ಗಂಟೆ ಮಾತ್ರ. ಅದಕ್ಕೂ ಮುಂಚೆ ಸೂಚನೆಗಳನ್ನು ಪೂರ್ತಿ ಓದಬೇಕು. ಕೆಲವು ಕಡೆ ಓದಿದ್ದೀಯೋ ಇಲ್ಲವೋ ಅಂತ ಸಣ್ಣ ಪರೀಕ್ಷೆಯನ್ನೂ ಇಡುತ್ತಾರೆ. ಫೀಸು 600 ಅಂದುಕೋ. ಓದಲು ಅರ್ಧ ಗಂಟೆ, ಹೋಗಿ ಬರಲು ಒಂದೂವರೆ, ಒಳಗೆ ಒಂದು, ವರದಿ ಬರೆಯಲು ಎರಡು. ಒಟ್ಟು 5 ಗಂಟೆ. ಓಡಾಟದ ಖರ್ಚು 100 ಕಳೆದರೆ ಕೈಯಲ್ಲಿ ಉಳಿಯುವುದು 500. ಅಂದರೆ ಗಂಟೆಗೆ 600 ಅಲ್ಲ, 100.

ಇದರಲ್ಲಿ ವರದಿಯೇ ದೊಡ್ಡ ಕೆಲಸ. ಒಳಗೆ ಕಾಲಿಟ್ಟ ಎಷ್ಟು ಹೊತ್ತಿಗೆ ನಿಮ್ಮನ್ನು ಮಾತಾಡಿಸಿದರು? ಮಾತಾಡಿಸಿದವರ ಹೆಸರೇನು? ಅವರು ಎದೆಯ ಮೇಲೆ ಹೆಸರಿನ ಪಟ್ಟಿ ಹಾಕಿರದಿದ್ದರೆ ಎತ್ತರ ಎಷ್ಟು, ಕೂದಲು ಹೇಗಿತ್ತು, ಕನ್ನಡಕ ಇತ್ತಾ? ಬೇರೇನಾದರೂ ಬೇಕಾ ಅಂತ ಕೇಳಿದರಾ? ಇದನ್ನೆಲ್ಲ ಅಲ್ಲೇ ನಿಂತು ಬರೆದುಕೊಂಡರೆ ಗುಟ್ಟು ರಟ್ಟಾಗುತ್ತದೆ. ಯಾರಿಗೋ ಮೆಸೇಜ್ ಮಾಡುವವರ ಥರ ಫೋನಿನಲ್ಲಿ ಸಮಯ ಗುರುತು ಹಾಕಿಕೊಂಡು, ಮಿಕ್ಕಿದ್ದನ್ನು ತಲೆಯಲ್ಲಿಟ್ಟುಕೊಂಡು ಬರಬೇಕು. ‘ಇಲ್ಲ’ ಅಂತ ಉತ್ತರಿಸಿದ ಕಡೆ ಯಾಕೆ ಇಲ್ಲ ಅಂತ ವಿವರಿಸಬೇಕು. ಕಳಿಸಿದ ಮೇಲೂ ಮುಗಿಯಿತು ಅನ್ನುವ ಹಾಗಿಲ್ಲ. ಬಿಲ್ಲಿನಲ್ಲಿರುವ ಸಮಯಕ್ಕೂ ನೀನು ಬರೆದದ್ದಕ್ಕೂ ತಾಳೆಯಾಗದಿದ್ದರೆ ವರದಿ ಪರಿಶೀಲಿಸುವ ಏಜೆನ್ಸಿಯ ಎಡಿಟರ್ ಮತ್ತೆ ನಿನ್ನನ್ನೇ ಕೇಳುತ್ತಾರೆ. ಆ ಹೊತ್ತಿಗೆ ಪ್ರತ್ಯೇಕ ದುಡ್ಡಿಲ್ಲ.

ಆಡಿಟ್‌ನಲ್ಲಿ ಮಿಸ್ಟರಿ ಶಾಪಿಂಗ್ ಥರ ಗುಟ್ಟೇನೂ ಇಲ್ಲ. ಅನುಮತಿ ಪತ್ರ ತೋರಿಸಿ, ಇಂಥವರ ಕಡೆಯಿಂದ ಬಂದಿದ್ದೇನೆ ಅಂತ ಹೇಳಿಯೇ ಶುರು ಮಾಡುತ್ತೀಯ. ನೋಡಲು ಸುಲಭ. ಆದರೆ ಮ್ಯಾನೇಜರ್ ಬರುವವರೆಗೆ ಕಾಯಬೇಕು. ಶೆಲ್ಫಿನ ಮೇಲಿನ ಬೆಲೆ ಚೀಟಿಗೂ ಏಜೆನ್ಸಿ ಕೊಟ್ಟ ಪಟ್ಟಿಗೂ ಹೊಂದಿಕೆ ಆಗುತ್ತದಾ, ವಾಯಿದೆ ಮುಗಿದ ಸರಕು ಹಿಂದೆ ಸೇರಿಕೊಂಡಿದೆಯಾ ಅಂತ ಬಗ್ಗಿ ಬಗ್ಗಿ ನೋಡಬೇಕು. ಪ್ರತಿಯೊಂದಕ್ಕೂ ಫೋಟೋ. ಲೈಟಿನ ಬೆಳಕು ಚೀಟಿಯ ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಅಂಕಿಗಳು ಕಾಣದಿದ್ದರೆ ಆ ಫೋಟೋ ಲೆಕ್ಕಕ್ಕಿಲ್ಲ. ಅದೊಂದಕ್ಕೇ ಮತ್ತೆ ಅಷ್ಟು ದೂರ ಹೋಗಬೇಕಾಗಬಹುದು. ಹಾಗಾಗಿ ಅಲ್ಲಿಂದ ಹೊರಡುವ ಮುಂಚೆ ಒಂದೊಂದನ್ನೂ ದೊಡ್ಡದು ಮಾಡಿ ನೋಡುವುದು ವಾಸಿ.

ಕೊಂಡ ವಸ್ತುವಿನ ದುಡ್ಡು ವಾಪಸ್ ಬರುತ್ತದೆ ಅಂತ ಖುಷಿಯಿಂದ ಬರೆದಿದ್ದೀಯ. ಅದನ್ನು ಸಂಪಾದನೆ ಅಂತ ಎಣಿಸಬೇಡ. ಹೇಗೂ ಕೊಳ್ಳಬೇಕಿದ್ದ ವಸ್ತು ಆದರೆ ಲಾಭ, ಇಲ್ಲದಿದ್ದರೆ ಸುಮ್ನೆ ಮನೆಯಲ್ಲಿ ಒಂದು ಸಾಮಾನು ಜಾಸ್ತಿ. ದುಡ್ಡು ಕೈಗೆ ಬರಲು ಒಂದೆರಡು ತಿಂಗಳು ಹಿಡಿಯುವುದೂ ಉಂಟು. ಅಲ್ಲಿವರೆಗೆ ನಿನ್ನದೇ ದುಡ್ಡು ಅವರ ಹತ್ತಿರ ಇರುತ್ತದೆ. ಕೈ ಬಿಗಿ ಇರುವ ಈ ಹೊತ್ತಿನಲ್ಲಿ ನಿನಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ಯಾವಾಗ ಒಪ್ಪಿಕೊಳ್ಳಬೇಕು? ನೀನು ಹೇಗೂ ಹೋಗುವ ದಾರಿಯಲ್ಲಿದ್ದರೆ. ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ಕೆಲಸ ಒಟ್ಟಿಗೆ ಸಿಕ್ಕರೆ. ಇಲ್ಲವೇ ಬೋನಸ್ ಏರಿದಾಗ. ಕೊನೆಯ ದಿನ ಹತ್ತಿರ ಬಂದರೂ ಯಾರೂ ಮುಟ್ಟದ ಕೆಲಸಕ್ಕೆ, ಏಜೆನ್ಸಿಯಲ್ಲಿ ಕೆಲಸ ಹಂಚುವ ಶೆಡ್ಯೂಲರ್‌ಗಳು ದರ ಏರಿಸುವುದುಂಟು. ಅದರಲ್ಲೂ ದೂರದ ಜಾಗ ಆದರೆ. ನಿನ್ನ ಆಡಿಟ್ ಆ ಥರದ್ದೇ ಅಲ್ವಾ? ಕೇಳಲು ಸಂಕೋಚ ಬೇಡ. ನೀನು ಅವರ ನೌಕರನಲ್ಲ, ಒಂದೊಂದು ಕೆಲಸಕ್ಕೆ ಬೇರೆ ಬೇರೆಯಾಗಿ ಒಪ್ಪಿಕೊಳ್ಳುವವನು. ಆದರೆ ಒಮ್ಮೆ ಒಪ್ಪಿಕೊಂಡು ಕೊನೆ ಗಳಿಗೆಯಲ್ಲಿ ಕೈ ಎತ್ತಬೇಡ, ಮುಂದೆ ಒಳ್ಳೆ ಕೆಲಸಗಳು ನಿನ್ನ ಕಡೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದಿದೆ. ಆ ಕೌಂಟರಿನ ಹಿಂದೆ ನಿಂತ ಹುಡುಗಿಯ ಇನ್ಸೆಂಟಿವ್ ನಿನ್ನ ವರದಿಯ ಮೇಲೆ ನಿಂತಿರಬಹುದು. ಕಡಿಮೆ ದುಡ್ಡಿಗೆ ಒಂದೇ ದಿನ ಹತ್ತಾರು ಕೆಲಸ ತುರುಕಿಕೊಂಡರೆ ರಾತ್ರಿ ಬರೆಯಲು ಕೂತಾಗ ಒಬ್ಬರ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟಿಬಿಡುತ್ತೀಯ. ಅವಳು ನಗಲಿಲ್ಲ ಅಂತ ನೀನು ಅಂದಾಜಿನ ಮೇಲೆ ಬರೆದರೆ, ಅದು ತಪ್ಪು ಅಂತ ಹೇಳುವ ಅವಕಾಶ ಅವಳಿಗೆ ಸಿಗದೇ ಹೋಗಬಹುದು. ಸರಿಯಾಗಿ ಮಾಡುವಷ್ಟು ಸಮಯಕ್ಕೆ ದುಡ್ಡು ಕೊಡದ ಕೆಲಸವನ್ನು ಬಿಡು ಅಂತ ನಾನು ಹೇಳುವುದು ಇದಕ್ಕೂ ಸೇರಿಸಿಯೇ.

ಇನ್ನು, ಸೇರಿಕೊಳ್ಳಲು ಫೀಸು ಕೇಳಿದರೆ ದೂರ ಇರು. ಅವರೇ ಮುಂಚಿತವಾಗಿ ನಿನಗೆ ಚೆಕ್ ಕಳಿಸಿಕೊಟ್ಟು, ‘ಆ ದುಡ್ಡಿನಲ್ಲಿ ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ನಮಗೆ ಕಳಿಸಿ’ ಅನ್ನುವುದಂತೂ ಶುದ್ಧ ಮೋಸ. ಚೆಕ್ ಆಮೇಲೆ ಬೌನ್ಸ್ ಆಗುತ್ತದೆ, ನಷ್ಟ ನಿನ್ನ ತಲೆ ಮೇಲೆ.

ಇವತ್ತೇ ಆ ಶೆಡ್ಯೂಲರ್‌ಗೆ ಬರೆದು ಕೇಳು: ಎಷ್ಟು ಸಾಮಾನು ನೋಡಬೇಕು, ಎಷ್ಟು ಫೋಟೋ ಬೇಕು, ಮ್ಯಾನೇಜರ್ ಆಡಿಟ್ ಮಾಡಲು ಬಿಡದಿದ್ದರೂ ದುಡ್ಡು ಕೊಡುತ್ತೀರಾ, ಬೋನಸ್ ಎಷ್ಟು ಏರಿಸುತ್ತೀರಾ ಅಂತ. ಉತ್ತರ ಬಂದ ತಕ್ಷಣ ನನಗೂ ಕಳಿಸು, ಇಬ್ಬರೂ ಸೇರಿ ಲೆಕ್ಕ ಹಾಕೋಣ.

ಇಂತಿ ನಿನ್ನ,
ಗೆಳೆಯ