ಓದುವಾಗ ಏನು ಕೇಳಲಿ ಅಂದೆಯಲ್ಲ

ಪ್ರೀತಿಯ ತಮ್ಮ,

ಮುಂಬಯಿಯ ಅಂಧೇರಿಯಲ್ಲಿ ನಾಲ್ವರು ಸೇರಿ ಇರುವ ರೂಮು, ಪಕ್ಕದವರ ಟಿವಿ, ಕೆಳಗೆ ರಿಕ್ಷಾಗಳ ಹಾರ್ನು. ಓದಲು ಕೂತಾಗ ಶಾಸ್ತ್ರೀಯ ಸಂಗೀತ ಹಾಕಿಕೊಂಡರೂ ಮನಸ್ಸು ನಿಲ್ಲುತ್ತಿಲ್ಲ ಅಂತ ಬರೆದಿದ್ದೀಯ. ಹಾಕಿಕೊಳ್ಳೋದು ಯಾರನ್ನು ಅಂತ ನೋಡಿದರೆ, ಭೀಮಸೇನ ಜೋಶಿ! ನಿಲ್ಲುವುದಾದರೂ ಹೇಗೆ ಮಾರಾಯ?

ಗದಗದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು, ನಮ್ಮವರು ಅಂತ ನಿನಗೆ ಅಭಿಮಾನ. ಇರಲಿ. ಆದರೆ ಕನ್ನಡ ಕಾದಂಬರಿ ಓದುತ್ತಾ ಅವರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕೇಳಿದರೆ ತಲೆಯೊಳಗೆ ಎರಡು ಕನ್ನಡ ಜಗಳಕ್ಕೆ ಬೀಳುತ್ತವೆ. ಗೆಲ್ಲುವುದು ಯಾವಾಗಲೂ ಹಾಡು. ಮಲ್ಲಿಕಾರ್ಜುನ ಮನ್ಸೂರರ ‘ಅಕ್ಕ ಕೇಳವ್ವ’ ಕೂಡ ಅಷ್ಟೇ. ಖಯಾಲಿನಲ್ಲಿ, ಅಂದರೆ ಹಿಂದುಸ್ತಾನಿಯವರು ರಾಗ ಬೆಳೆಸುವ ಹಾಡಿಕೆಯಲ್ಲಿ, ಮಾತು ಕಡಿಮೆ, ಅದಾದರೆ ಪರವಾಗಿಲ್ಲ ಅಲ್ವಾ ಅನ್ನಬಹುದು ನೀನು. ಮನ್ಸೂರರ ಹತ್ತಿರ ಅದೂ ನಡೆಯುವುದಿಲ್ಲ. ಒಂದು ಸ್ವರಸಾಲಿನ ತುದಿಗೆ ಇನ್ನೊಂದನ್ನು ಹೆಣೆಯುತ್ತಾ ಹೋಗುತ್ತಾರೆ. ತಾಳದ ಮೊದಲ ಏಟಿಗೆ, ಅಂದರೆ ಸಮ್‌ಗೆ, ಬಂದು ಬೀಳುವ ತನಕ ನೀನು ಉಸಿರು ಹಿಡಿದಿರುತ್ತೀಯ, ಪುಟ ಅಲ್ಲೇ ಇರುತ್ತದೆ. ಇವರನ್ನೆಲ್ಲ ಪುಸ್ತಕ ಮುಚ್ಚಿಟ್ಟು ಕೇಳಬೇಕು. ಕಿಶೋರಿ ಅಮೋಣ್ಕರರ ಭೂಪ್ ರಾಗದ ‘ಸಹೇಲಾ ರೇ’ ಹಾಕಿಕೊಂಡು ಪೇಪರ್ ಓದುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಗದ್ಯ ಓದುವಾಗ ವಾದ್ಯ ಇರಲಿ, ಅದರಲ್ಲೂ ಆಲಾಪ, ರಾಗವನ್ನು ನಿಧಾನವಾಗಿ ಬಿಡಿಸುವ ಮೊದಲ ಭಾಗ. ಆಲಾಪದಲ್ಲಿ ತಬಲಾ ಇಲ್ಲ, ತಾಳದ ಆವರ್ತನ ಇಲ್ಲ. ಕಿವಿ ಯಾವುದಕ್ಕೂ ಕಾಯುತ್ತಾ ಕೂರುವುದಿಲ್ಲ.

ಜಿಯಾ ಮೊಹಿಯುದ್ದೀನ್ ಡಾಗರರ ರುದ್ರವೀಣೆಯಿಂದ ಶುರು ಮಾಡು. 1990ರಲ್ಲಿ ತೀರಿಕೊಂಡರು. ಮುಂಬಯಿಯಲ್ಲೇ ಇದ್ದವರು, ಪನ್ವೇಲ್ ಹತ್ತಿರ ಗುರುಕುಲ ಕಟ್ಟಿದವರು. ವೀಣೆಯ ಬುರುಡೆ ದೊಡ್ಡದು ಮಾಡಿಸಿ, ತಂತಿ ದಪ್ಪ ಹಾಕಿಸಿ, ನಾದವನ್ನು ಆಳಕ್ಕೆ ಇಳಿಸಿಕೊಂಡರು. ಒಂದು ಸ್ವರ ಮೀಟಿದರೆ ಅದು ಆರುವ ತನಕ ಇನ್ನೊಂದಕ್ಕೆ ಅವಸರವಿಲ್ಲ. ಅವರ ಯಮನ್ ಹಾಕಿಕೋ, ಶುದ್ಧ ತೋಡಿ ಹಾಕಿಕೋ. ಆ ತಗ್ಗು ನಾದ ಪಕ್ಕದ ಮನೆಯ ಟಿವಿಯನ್ನು ಮುಚ್ಚುತ್ತದೆ, ಓದುತ್ತಿರುವ ವಾಕ್ಯವನ್ನು ಮುಚ್ಚುವುದಿಲ್ಲ. ದಪ್ಪ ಕಾದಂಬರಿಗೆ, ಇತಿಹಾಸದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆಮೇಲೆ ನಿಖಿಲ್ ಬ್ಯಾನರ್ಜಿಯವರ ಸಿತಾರ್. ಪೂರಬಿ ಕಲ್ಯಾಣ್, ಹೇಮಂತ್, ಮಾಲ್‌ಕೌಂಸ್, ಯಾವುದಾದರೂ ಸರಿ. ಆಲಾಪ, ಆಮೇಲೆ ಲಯ ಸೇರುವ ಜೋಡ್ ತನಕ ಓದು ಸಾಗುತ್ತದೆ. ಝಾಲಾ ಶುರುವಾದರೆ ಪುಸ್ತಕ ಕೆಳಗಿಟ್ಟು ಚಹಾ ಮಾಡಿಕೋ. ಅದರ ವೇಗಕ್ಕೆ ಕಣ್ಣೂ ಓಡತೊಡಗುತ್ತದೆ, ಓದಿದ್ದು ಏನೂ ಉಳಿಯುವುದಿಲ್ಲ.

ಬರೆಯುವವರು ರಾಜೀವ ತಾರಾನಾಥರ ಸರೋದ್ ಕೇಳಲೇಬೇಕು. ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಕನ್ನಡದಲ್ಲಿ ವಿಮರ್ಶೆ ಬರೆದವರು, ಅಲಿ ಅಕ್ಬರ್ ಖಾನರ ಶಿಷ್ಯರು. 2024ರಲ್ಲಿ ಹೋದರು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಆ ಕೈಗೆ ಗೊತ್ತಿತ್ತು. ಆದರೆ ಸರೋದಿಗೆ ಸಿತಾರಿನ ಹಾಗೆ ತಂತಿಯ ಕೆಳಗೆ ಮೆಟ್ಟಿಲುಗಳಿಲ್ಲ. ಲೋಹದ ಪಟ್ಟಿಯ ಮೇಲೆ ತಂತಿ ಒತ್ತಿ ಉಗುರು ಜಾರುತ್ತದೆ. ಆ ಜಾರು, ಅಂದರೆ ಮೀಂಡ್, ಕಿವಿಯನ್ನು ಹಿಡಿದು ಎಳೆಯುತ್ತದೆ. ಹಗುರ ಓದಿಗೆ ಸರಿ, ಕಷ್ಟದ ಪುಸ್ತಕಕ್ಕೆ ಬೇಡ.

ಪಶ್ಚಿಮದ್ದು ಬೇಕಾದರೆ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್. ಮೊದಲು ಆರಿಯಾ ಅಂತ ಒಂದು ಮಟ್ಟು, ಅದರ ಹಿಂದೆಯೇ 30 ವಿಸ್ತಾರ, ಕೊನೆಗೆ ಮತ್ತೆ ಅದೇ ಆರಿಯಾ. ಗ್ಲೆನ್ ಗೂಲ್ಡ್ ಇದನ್ನು 1955ರಲ್ಲೂ 1981ರಲ್ಲೂ ಪಿಯಾನೋದಲ್ಲಿ ರೆಕಾರ್ಡ್ ಮಾಡಿದ. ಮೊದಲನೆಯದು ಲೋಕಲ್ ರೈಲು ತಪ್ಪಿಹೋಗುತ್ತದೇನೋ ಅನ್ನುವ ಹಾಗೆ ಓಡುತ್ತದೆ. ಎರಡನೆಯದನ್ನು ಹಾಕಿಕೋ. ನಡುನಡುವೆ ಯಾರೋ ಗುನುಗಿದಂತೆ ಕೇಳಿಸಿದರೆ ರೂಮಿನವರನ್ನು ಬೈಯಬೇಡ, ಅದು ಗೂಲ್ಡನೇ.

ಹೊತ್ತಿಗೆ ತಕ್ಕ ರಾಗವನ್ನೇ ಕೇಳಬೇಕಾ ಅಂದೆ. ಕೇಳಿದರೆ ಚೆನ್ನ. ಆದರೆ ಮಾರ್ವಾ, ಪೂರಿಯಾ ಹೊತ್ತಿಗೆ ನೀನು ಚರ್ಚ್‌ಗೇಟ್‌ನಿಂದ ಹೊರಟ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತಿರುತ್ತೀಯ. ಸಂಬಳಕ್ಕೆ ದುಡಿಯುವ ಮುಂಬಯಿಯವರಿಗೆ ಸಂಜೆಯ ರಾಗಗಳ ಭಾಗ್ಯವಿಲ್ಲ ಬಿಡು. ರಾತ್ರಿಗೆ ಬಾಗೇಶ್ರೀ, ದರ್ಬಾರಿ ಇದ್ದೇ ಇವೆ.

ಕವಿತೆ ಓದುವಾಗ ಮಾತ್ರ ಎಲ್ಲವನ್ನೂ ನಿಲ್ಲಿಸು. ಕವಿತೆಗೆ ಅದರದೇ ಲಯ ಇದೆ, ಮೇಲೆ ಇನ್ನೊಂದನ್ನು ಹೇರಿದರೆ ಕವಿಗೆ ಅನ್ಯಾಯ. ನಿನ್ನದೇ ಬರಹ ತಿದ್ದುವಾಗಲೂ ಬೇಡ. ಹಿಂದೆ ಒಳ್ಳೆಯ ಸಿತಾರ್ ಇದ್ದರೆ ಸಪ್ಪೆ ಪ್ಯಾರಾ ಕೂಡ ಘನವಾಗಿ ಕಾಣುತ್ತದೆ. ಸದ್ದಿಲ್ಲದ ಕಡೆ ಕೂತು ಗಟ್ಟಿಯಾಗಿ ಓದು, ಎಲ್ಲಿ ಎಡವುತ್ತೀಯೋ ಅಲ್ಲಿ ತಿದ್ದು. ಕಳೆದ ತಿಂಗಳು ಕಳಿಸಿದ ಕತೆಯ ಎರಡನೇ ಭಾಗವನ್ನು ನೀನು ಹಾಗೆ ಓದಿಲ್ಲ, ಅದು ಗೊತ್ತಾಗುತ್ತದೆ.

ಗಲಾಟೆ ತೀರಾ ಜಾಸ್ತಿಯಾದರೆ ಬರೀ ತಂಬೂರಿ ಸಾಕು. ಫೋನಿನಲ್ಲೇ ಆ್ಯಪ್ ಇದೆ. ಪ ಸ ಸ ಸ ಅಂತ ಸುಮ್ನೆ ಮಿಡಿಯುತ್ತಿರುತ್ತದೆ. ಯಾವ ಪುಸ್ತಕಕ್ಕೂ ಅದು ಅಡ್ಡ ಬರುವುದಿಲ್ಲ.

ಇನ್ನೊಂದು ಮಾತು. ಯೂಟ್ಯೂಬಿನಲ್ಲಿ ಡಾಗರರನ್ನು ಕೇಳಬೇಡ, ಆಲಾಪದ ನಡುವೆ ಸೀರೆ ಸೇಲಿನ ಜಾಹೀರಾತು ಕಿರುಚುತ್ತದೆ. ಈ ಭಾನುವಾರ ಮಾಟುಂಗಾ ಕಡೆ ಬಂದರೆ ಪೆನ್‌ಡ್ರೈವ್ ತಾ, ನನ್ನ ಹತ್ತಿರ ಇರುವುದನ್ನೆಲ್ಲ ಹಾಕಿಕೊಡುತ್ತೇನೆ. ಕತೆಯ ಎರಡನೇ ಭಾಗವನ್ನೂ ತಾ.

ನಿನ್ನ,
ಅಣ್ಣ