ಡಬ್ಬಿಯ ಮೇಲೆ ಪ್ರೋಟೀನ್ ಅಂಕವೂ ಇರಲಿ

ಮಾನ್ಯ ಸಂಪಾದಕರೇ,

ಮಗ ಜಿಮ್‌ಗೆ ಸೇರಿದ ಮೇಲೆ ಮನೆಗೆ ಪ್ರೋಟೀನ್ ಪುಡಿಯ ಡಬ್ಬಿ ಬಂತು. ‘ಒಂದು ಸ್ಕೂಪ್‌ಗೆ 24 ಗ್ರಾಂ’ ಎಂದು ದಪ್ಪ ಅಕ್ಷರದಲ್ಲಿದೆ. ಈ 24 ಬಂದದ್ದು ಹೇಗೆ?

ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಅಳೆಯುವುದು ಪ್ರೋಟೀನನ್ನಲ್ಲ, ಅದರಲ್ಲಿರುವ ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಹಾಗಾಗಿ ಸಾರಜನಕವಿರುವ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ವಸ್ತು ಬೆರೆಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮಿನ್ ಎಂಬ, ಸಾರಜನಕ ಹೆಚ್ಚಿರುವ ಕೈಗಾರಿಕಾ ರಾಸಾಯನಿಕ ಬೆರೆಸಿದ್ದೂ ಇದೇ ಪರೀಕ್ಷೆಯನ್ನು ದಾಟಲು. ಆರು ಕಂದಮ್ಮಗಳು ತೀರಿಹೋದವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುಣಮಟ್ಟ ಅಳೆಯುವ ಲೆಕ್ಕ ಬೇರೆಯೇ ಇದೆ. ದೇಹ ತಾನೇ ತಯಾರಿಸಿಕೊಳ್ಳಲಾಗದ 9 ಅಮೈನೋ ಆಮ್ಲಗಳಲ್ಲಿ (ಪ್ರೋಟೀನನ್ನು ಕಟ್ಟುವ ಘಟಕಗಳು) ಯಾವುದು ತೀರಾ ಕಡಿಮೆಯಿದೆ, ತಿಂದದ್ದರಲ್ಲಿ ಎಷ್ಟು ಜೀರ್ಣವಾಗುತ್ತದೆ ಎಂದು ನೋಡಿ ಅಂಕ ಕೊಡುತ್ತಾರೆ. ಇದನ್ನು ಪಿಡಿಸಿಎಎಎಸ್ ಎನ್ನುತ್ತಾರೆ. ಹಾಲಿನ ಪ್ರೋಟೀನ್‌ಗೆ ಪೂರ್ತಿ 1 ಅಂಕ. ಗೋಧಿಯಲ್ಲಿ ಈ ಒಂಬತ್ತರಲ್ಲೊಂದಾದ ಲೈಸಿನ್ ಕಡಿಮೆ, ಅಂಕವೂ ಕಡಿಮೆ. ಅನ್ನದಲ್ಲೂ ಲೈಸಿನ್ ಸಾಲದು, ಬೇಳೆಯಲ್ಲಿ ಅದು ಧಾರಾಳ. ನಮ್ಮ ಅನ್ನ-ಬೇಳೆಸಾರಿನ ಜೋಡಿ ಸುಮ್ನೆ ಹುಟ್ಟಿದ್ದಲ್ಲ ಅಲ್ವಾ?

ಸಾವಿರಾರು ರೂಪಾಯಿ ಕೊಡುವವರಿಗೆ ಗ್ರಾಂ ಲೆಕ್ಕ ಮಾತ್ರ ಸಾಲದು. ಈ ಅಂಕವನ್ನೂ, ಅಮೈನೋ ಆಮ್ಲಗಳ ಪೂರ್ತಿ ಪಟ್ಟಿಯನ್ನೂ ಪ್ರತಿ ಡಬ್ಬಿಯ ಮೇಲೆ ಕಡ್ಡಾಯ ಮಾಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವನ್ನು ಕೋರುತ್ತೇನೆ.

– ಓದುಗರೊಬ್ಬರು, ಹಾಸನ