ಚಳಿಗಾಲದ ಬಯಲು ತರಗತಿ ಕುರಿತು ಪಾಲಕರಿಗೆ ಪತ್ರ

ಪ್ರೀತಿಯ ಪಾಲಕರಿಗೆ,

ನಮಸ್ಕಾರ. ಕಳೆದ ಶನಿವಾರ ಬಯಲು ತರಗತಿ ಮುಗಿದ ಮೇಲೆ ಆರನೆಯ ಮತ್ತು ಏಳನೆಯ ತರಗತಿಯ ಕೆಲವು ಪಾಲಕರು ನನ್ನ ಕೋಣೆಗೆ ಬಂದಿದ್ದರು. ಸೋಮವಾರ ಇನ್ನಷ್ಟು ಜನ ಸಹಿ ಮಾಡಿದ ಮನವಿಯೊಂದು ಬಂತು. ಚಳಿಗಾಲ ಮುಗಿಯುವ ತನಕ ಮಕ್ಕಳನ್ನು ಬೆಳಗ್ಗೆ ಹೊಲಕ್ಕೆ, ಕೆರೆಗೆ ಕರೆದೊಯ್ಯಬೇಡಿ ಎಂದು ಅದರಲ್ಲಿದೆ. ಒಬ್ಬ ತಾಯಿ ನನ್ನೆದುರು ಕೂತು, "ಮೇಡಂ, ಹುಡುಗ್ರಿಗೆ ಥಂಡಿ ಹತ್ತೇತ್ರಿ, ರಾತ್ರಿಯೆಲ್ಲಾ ಕೆಮ್ಮತಾವ್ರಿ" ಎಂದರು. ಮಗುವಿನ ಪಕ್ಕ ರಾತ್ರಿಯಿಡೀ ಎದ್ದು ಕೂತವರ ಮಾತು ಅದು. ಅದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ನೇರವಾಗಿ ಹೇಳುತ್ತೇನೆ. ಬಯಲು ತರಗತಿ ನಿಲ್ಲುವುದಿಲ್ಲ. ಸಮಯ ಮಾತ್ರ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಈ ಶನಿವಾರದಿಂದ ಜನವರಿ ಕೊನೆಯವರೆಗೆ ಏಳರ ಬದಲು ಏಳೂವರೆಗೆ ಶುರು ಮಾಡುತ್ತೇವೆ. ಅಷ್ಟರಲ್ಲಿ ಹೊತ್ತು ಮೂಡಿ ಅರ್ಧ ಗಂಟೆಯಾದರೂ ಆಗಿರುತ್ತದೆ. ಮಧ್ಯಾಹ್ನಕ್ಕೆ ಹಾಕಿ ಎಂದು ಕೆಲವರು ಕೇಳಿದ್ದೀರಿ. ಅದು ಆಗದು. ಯಾಕೆ ಆಗದು ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತಲೇ ಈ ಪತ್ರ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಚಳಿಯ ವಿಷಯ. ನೆಗಡಿ ಬರುವುದು ವೈರಸ್‌ನಿಂದ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿ ಒಂದೇ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದರೆ ಜಾಸ್ತಿ ಹರಡುತ್ತದೆ, ಬಯಲಿನ ಗಾಳಿಯಲ್ಲಿ ಕಡಿಮೆ. ಹಾಗಂತ ಚಳಿಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಉಬ್ಬಸ ಇರುವ ಮಗುವಿಗೆ ತಣ್ಣನೆಯ ಒಣ ಗಾಳಿ ತೊಂದರೆ ಕೊಡುತ್ತದೆ. ಒದ್ದೆ ಬಟ್ಟೆಯಲ್ಲಿ ನಿಂತ ಮಗುವಿಗೆ ಮೈ ನಡುಗುತ್ತದೆ. ಹೊಟ್ಟೆಗೆ ಏನೂ ಇಲ್ಲದೆ ಬಂದ ಮಗು ಬೇಗ ಸೋಲುತ್ತದೆ. ಈ ಮೂರನ್ನೂ ನಾವು ನೋಡಿಕೊಳ್ಳುತ್ತೇವೆ. ನಮ್ಮ ಕಡೆ ಡಿಸೆಂಬರ್ ಬೆಳಗಿನ ಚಳಿ 15 ಡಿಗ್ರಿ ಆಸುಪಾಸು, ಕೆಲವು ದಿನ ಇನ್ನೂ ಕಡಿಮೆ. ಇದೇ ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಜನ ದನಕ್ಕೆ ಮೇವು ಹಾಕಿ, ಹಾಲು ಹಿಂಡಿ, ಹೊಲದ ದಾರಿ ಹಿಡಿದಿರುತ್ತೀರಿ. ಬೆಚ್ಚಗೆ ಬಟ್ಟೆ ಹಾಕಿಕೊಂಡು ನಡೆದಾಡುವ ಮಗುವಿಗೆ ಈ ಚಳಿ ತಡೆಯುವಂಥದ್ದೇ.

ಹೊರಗೆ ಹೋದಾಗ ಮಕ್ಕಳ ಹತ್ತಿರ ಯಾರಿರುತ್ತಾರೆ, ಏನು ಮಾಡುತ್ತಾರೆ ಅನ್ನುವುದು ನಿಮಗೆ ಗೊತ್ತಾಗಬೇಕು. ಮಕ್ಕಳು 'ಬಯಲು ಸರ್' ಅಂತ ಕರೆಯುವ ನಮ್ಮ ಶಿಕ್ಷಕರ ಶನಿವಾರ ಶುಕ್ರವಾರ ಸಂಜೆಯೇ ಶುರುವಾಗುತ್ತದೆ. ಮರುದಿನ ಹೋಗುವ ದಾರಿಯನ್ನು ಅವರು ಒಬ್ಬರೇ ನಡೆದು ನೋಡಿ ಬರುತ್ತಾರೆ. ಹೊಲದ ಮಾಲೀಕರನ್ನು ಕಂಡು ಕೇಳಿಕೊಳ್ಳುತ್ತಾರೆ. ಕೀಟನಾಶಕದ ಎಣ್ಣೆ ಹೊಡೆದ ಹೊಲವಾದರೆ ಆ ಕಡೆ ಹೋಗುವುದೇ ಇಲ್ಲ. ಚಳಿಗಾಲದಲ್ಲಿ ಹಾವುಗಳು ಬಿಸಿಲು ಕಾಯಲು ಬದುವಿನ ಮೇಲೆ ಬರುತ್ತವೆ. ಅದಕ್ಕೆ ಮಕ್ಕಳಿಗೆ ಬದು ಹತ್ತಲು ಬಿಡುವುದಿಲ್ಲ, ಬಂಡಿ ದಾರಿಯಲ್ಲೇ ನಡೆಸುತ್ತಾರೆ. ಕೋಲು ಹಿಡಿದು ಮುಂದೆ ಅವರು, ಸಾಲಿನ ಕೊನೆಗೆ ಇನ್ನೊಬ್ಬ ಶಿಕ್ಷಕಿ.

ಬೆಳಗ್ಗೆ ಗೇಟಿನ ಹತ್ತಿರ ನಿಂತು ಪ್ರತಿ ಮಗುವಿನ ಕೈ ಮುಟ್ಟಿ ನೋಡುತ್ತಾರೆ. ಸ್ವೆಟರ್ ಇಲ್ಲದೆ ಬಂದವರಿಗೆ ಶಾಲೆಯ ಟ್ರಂಕಿನಿಂದ ಒಂದು ಕೊಡುತ್ತಾರೆ. ಏನೂ ತಿನ್ನದೆ ಬಂದವರನ್ನು ಅಡುಗೆಮನೆಗೆ ಕಳಿಸುತ್ತಾರೆ. ಅಲ್ಲಿ ಬೆಲ್ಲ ಹಾಕಿದ ಶುಂಠಿ ಕಷಾಯ, ಹುರಿದ ಶೇಂಗಾ ಇರುತ್ತದೆ. ಕೆಮ್ಮುವ ಮಗು ಕಂಡರೆ ಶಾಲೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸುತ್ತಾರೆ. ಆ ಮಗುವಿಗೂ ಕೆಲಸ ಇರುತ್ತದೆ. ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದಿಡುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಗುರುತು ಹಾಕುವುದು. ಯಾರನ್ನೂ ಸುಮ್ನೆ ಬಿಟ್ಟು ಹೋಗುವುದಿಲ್ಲ. ತಿರುಗಿ ಬಂದ ಮೇಲೆ ಒದ್ದೆಯಾದ ಬೂಟುಗಳ ಒಳಗೆ ಹಳೆಯ ಪೇಪರ್ ತುರುಕಿ ಸಾಲಾಗಿ ಬಿಸಿಲಿಗೆ ಇಡಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿರುತ್ತದೆ. ಆದರೂ ಮಕ್ಕಳ ವಹಿಗಳನ್ನು ಓದಿ ಮುಗಿಸದೆ ಮನೆಗೆ ಹೋದದ್ದನ್ನು ನಾನು ನೋಡಿಲ್ಲ.

ಈಗ, ಬೆಳಗ್ಗೆಯೇ ಯಾಕೆ? ಕಡಲೆ ಹೊಲದ ಉದಾಹರಣೆ ಕೊಡುತ್ತೇನೆ. ನಸುಕಿನಲ್ಲಿ ಕಡಲೆ ಗಿಡದ ಮೇಲೆ ಬಟ್ಟೆ ಎಳೆದು, ಹಿಂಡಿ ಕಡಲೆ ಹುಳಿ ತೆಗೆಯುವುದು ನಿಮಗೆ ಗೊತ್ತಿರುವುದೇ. ಹೊಟ್ಟೆನೋವಿಗೆ ಅಂತ ಅದನ್ನು ಬಾಟಲಿಯಲ್ಲಿ ಇಟ್ಟುಕೊಂಡ ಅಜ್ಜಿಯರು ಇನ್ನೂ ಇದ್ದಾರೆ. ಏಳನೆಯ ತರಗತಿಯ ಮಕ್ಕಳು ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲ ಓದುತ್ತಾರೆ. ಬಯಲು ಸರ್ ಅವರ ಕೈಗೆ ನೀಲಿ ಲಿಟ್ಮಸ್ ಕಾಗದ ಕೊಟ್ಟು ಕಡಲೆ ಎಲೆಯ ಇಬ್ಬನಿಗೆ ತಾಗಿಸಲು ಹೇಳಿದರು. ಕಾಗದ ಕೆಂಪಾಯಿತು. ಪಕ್ಕದ ಜೋಳದ ಎಲೆಯ ಇಬ್ಬನಿಗೆ ತಾಗಿಸಿದರೆ ಹಾಗೆ ಆಗಲಿಲ್ಲ. ಎರಡೂ ಒಂದೇ ರಾತ್ರಿ ಬಿದ್ದ ಇಬ್ಬನಿ, ಆದರೆ ಕಡಲೆ ಗಿಡ ತನ್ನ ಎಲೆಯ ಸಣ್ಣ ರೋಮಗಳಿಂದ ಹುಳಿ ಸೂಸುತ್ತದೆ. ಆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕಾಲು ಯಾಕೆ ಉರಿಯುತ್ತದೆ ಅನ್ನುವುದು ಮಕ್ಕಳಿಗೆ ಆಗ ತಿಳಿಯಿತು. ಒಂಬತ್ತು ಗಂಟೆಗೆ ಬಿಸಿಲು ಏರಿದರೆ ಇಬ್ಬನಿ ಆರಿಹೋಗುತ್ತದೆ. ಮಧ್ಯಾಹ್ನ ಎರಡಕ್ಕೆ ಹೋದರೆ ನೋಡಲು ಏನು ಉಳಿದಿರುತ್ತದೆ ಹೇಳಿ?

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ವಿಷಯವೂ ಹಾಗೇ. ತಿಂಗಳಿಗೊಮ್ಮೆ ಟೆಂಪೋ ಮಾಡಿ ಅಲ್ಲಿಗೆ ಕರೆದೊಯ್ಯುತ್ತೇವೆ. ಪಟ್ಟೆ ತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ತಾಲ್ಲೂಕಿಗೆ ಬರುತ್ತವೆ. ಅವು ಬರುವುದೇ ಚಳಿಗಾಲಕ್ಕೆ, ಬೇಸಿಗೆ ಹತ್ತಿರ ಬಂದರೆ ಹೊರಟುಬಿಡುತ್ತವೆ. ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ಗುಂಪು ಗುಂಪಾಗಿ ಕೆರೆಗೆ ಇಳಿಯುತ್ತವೆ. ವರ್ಷಕ್ಕೆ ಸುಮಾರು 8,000 ಹೆಬ್ಬಾತುಗಳು ಬರುವ ಕೆರೆ ಇದು. ಇಲ್ಲಿ ದಾಖಲಾದ 166 ಬಗೆಯ ಹಕ್ಕಿಗಳಲ್ಲಿ 130 ವಲಸೆ ಬರುವಂಥವು. ಮಳೆ ನೀರು ಹಿಡಿದು ನೀರಾವರಿ ಮಾಡಲು ಜನರೇ ಕಟ್ಟಿಕೊಂಡ, 50 ಹೆಕ್ಟೇರ್‌ನಷ್ಟು ಸಣ್ಣ ಕೆರೆ. 2024ರಲ್ಲಿ ಅದಕ್ಕೆ ರಾಮ್‌ಸಾರ್ ತಾಣ, ಅಂದರೆ ಕಾಪಾಡಬೇಕಾದ ಮಹತ್ವದ ಜೌಗು ಪ್ರದೇಶ, ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ದೂರದ ಊರುಗಳಿಂದ ಕ್ಯಾಮೆರಾ ಹಿಡಿದು ಜನ ಬರುತ್ತಾರೆ. ನಮ್ಮ ಮಕ್ಕಳು ಪಕ್ಕದಲ್ಲೇ ಇದ್ದು ನೋಡದೆ ಹೋದರೆ ನನಗೆ ಸಂಕಟವಾಗುತ್ತದೆ.

ಒಬ್ಬ ತಂದೆ ಕೇಳಿದರು: "ನಮ್ಮ ಕಡಲೆ ತಿಂದು ಹಾಳು ಮಾಡೋ ಹಕ್ಕಿ, ಅದನ್ನ ನೋಡಾಕ ಯಾಕ ಕರ್ಕೊಂಡ್ ಹೋಗ್ತೀರಿ?" ನ್ಯಾಯವಾದ ಪ್ರಶ್ನೆ. ಬಯಲು ಸರ್ ಇದನ್ನು ಮಕ್ಕಳಿಂದ ಮುಚ್ಚಿಟ್ಟಿಲ್ಲ. ಹೋದ ತಿಂಗಳು ಕೆರೆಯ ದಂಡೆಯಲ್ಲಿ ಹೊಲ ಇರುವ ರೈತರೊಬ್ಬರನ್ನೇ ಕರೆದು ಮಾತಾಡಿಸಿದರು. ಮೊಳಕೆ ಬರುವಾಗ ಎಷ್ಟು ಹೋಗುತ್ತದೆ, ಕಾಯಲು ಯಾರು ಮಲಗುತ್ತಾರೆ, ಹಕ್ಕಿಗೆ ಏಟು ಮಾಡದೆ ಓಡಿಸುವುದು ಹೇಗೆ ಎಂದು ಮಕ್ಕಳು ಕೇಳಿ ಬರೆದುಕೊಂಡರು. ಹಕ್ಕಿಯೂ ಉಳಿಯಬೇಕು, ಬೆಳೆಯೂ ಉಳಿಯಬೇಕು. ಈ ಇಕ್ಕಟ್ಟನ್ನು ನಾಳೆ ಬಿಡಿಸಬೇಕಾದವರು ಇದೇ ಮಕ್ಕಳು ಅಲ್ವಾ?

ಇನ್ನೊಂದು ಕೆಲಸ ನಡೆಯುತ್ತಿದೆ, ಅದನ್ನು ಹೇಳಲೇಬೇಕು. ಆರನೆಯ ತರಗತಿಯವರು ಸೂರ್ಯ ಹುಟ್ಟುವ ಜಾಗವನ್ನು ದೂರದ ಗಾಳಿಯಂತ್ರದ ಕಂಬಗಳನ್ನು ಇಟ್ಟುಕೊಂಡು ಗುರುತು ಮಾಡುತ್ತಿದ್ದಾರೆ. ನವೆಂಬರ್‌ನಲ್ಲಿ ಒಂದು ಕಂಬದ ಪಕ್ಕ ಹುಟ್ಟುತ್ತಿದ್ದವನು ಈಗ ದಕ್ಷಿಣಕ್ಕೆ ಸರಿದಿದ್ದಾನೆ. ಈ ಗುರುತನ್ನು ಅವರು ತಮ್ಮ ತಮ್ಮ ಮನೆಯ ಮಾಳಿಗೆಯಿಂದಲೇ ಹಾಕುತ್ತಾರೆ, ಅದಕ್ಕಾಗಿ ಶಾಲೆಗೆ ಬೇಗ ಬರಬೇಕಿಲ್ಲ. ಡಿಸೆಂಬರ್ 21ರ ಸುಮಾರಿಗೆ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು ನಡುಹಗಲಿನ ನೆರಳು ಅಳೆಯುತ್ತಾರೆ. ನಮ್ಮ ಊರಿನಲ್ಲಿ ಅದು ಸುಮಾರು 80 ಸೆಂಟಿಮೀಟರ್ ಬರಬೇಕು, ವರ್ಷದಲ್ಲೇ ಉದ್ದವಾದ ನಡುಹಗಲಿನ ನೆರಳು. ಹಗಲು ಅತಿ ಚಿಕ್ಕದಾಗಿರುವುದು ಅವತ್ತು. ಆದರೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಅವತ್ತಲ್ಲ, ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ದೊಡ್ಡವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಮಕ್ಕಳು ತಾವೇ ಬರೆದ ಸೂರ್ಯ ಹುಟ್ಟುವ ಹೊತ್ತಿನ ಪಟ್ಟಿಯಲ್ಲಿ ಇದನ್ನು ಕಂಡುಕೊಳ್ಳಲಿ ಅಂತ ಸರ್ ಬಾಯಿ ಬಿಡದೆ ಕಾಯುತ್ತಿದ್ದಾರೆ. ದಯವಿಟ್ಟು ಮನೆಯಲ್ಲಿ ನೀವೂ ಹೇಳಬೇಡಿ.

ಪರೀಕ್ಷೆಯ ವಿಷಯ ಕೇಳಿದ್ದೀರಿ. ಹತ್ತನೆಯ ತರಗತಿಯವರು ಬಯಲು ತರಗತಿಯಲ್ಲಿ ಇಲ್ಲ. ಐದರಿಂದ ಎಂಟರವರೆಗಿನವರು ಮಾತ್ರ. ಅವರ ಪಾಠಗಳು ಹಿಂದೆ ಬಿದ್ದಿಲ್ಲ, ಬೇಕಾದರೆ ಪಾಠಯೋಜನೆಯ ಪುಸ್ತಕವನ್ನೇ ತೋರಿಸುತ್ತೇನೆ. ಬಟ್ಟೆ ಕೊಳೆಯಾಗುತ್ತದೆ ಅನ್ನುವ ದೂರಿಗೆ ನನ್ನ ಉತ್ತರ ಇಷ್ಟೇ: ಎರೆ ಮಣ್ಣಿನ ಊರಲ್ಲಿ ಇದ್ದೇವೆ, ಶನಿವಾರಕ್ಕೆ ಸಮವಸ್ತ್ರ ಬೇಡ, ಹಳೆಯ ಬಟ್ಟೆ ಹಾಕಿ ಕಳಿಸಿ.

ಮತ್ತೆ ಚಳಿಯ ಮಾತಿಗೇ ಬರುತ್ತೇನೆ, ಯಾಕೆಂದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಅದೇ ಅಂತ ನನಗೆ ಗೊತ್ತು. ಜ್ವರ ಇರುವ ಮಗುವನ್ನು ಕಳಿಸಿ ಅಂತ ನಾವು ಯಾವತ್ತೂ ಕೇಳಿಲ್ಲ, ಕೇಳುವುದೂ ಇಲ್ಲ. ಅಂಥ ದಿನ ಮನೆಯಲ್ಲಿ ಇರಿಸಿಕೊಳ್ಳಿ, ಹಾಜರಿಗೆ ಏನೂ ತೊಂದರೆ ಇಲ್ಲ. ಉಬ್ಬಸ ಇರುವ ಮಕ್ಕಳ ಪಾಲಕರು ಒಮ್ಮೆ ಬಂದು ನನ್ನನ್ನು ಕಾಣಿ. ಡಾಕ್ಟರು ಬೇಡ ಎಂದರೆ ಆ ಮಗು ಚಳಿ ಇಳಿಯುವವರೆಗೆ ಹೊಲಕ್ಕೆ ಬರುವುದು ಬೇಡ, ಕಟ್ಟೆಯ ಮೇಲಿನ ಕೆಲಸ ಮಾಡಲಿ. ಡಾಕ್ಟರು ಹೋಗಬಹುದು ಎಂದರೆ ಅದರ ಇನ್‌ಹೇಲರ್ ಬಯಲು ಸರ್ ಚೀಲದಲ್ಲೇ ಇರುತ್ತದೆ. ಗಾಳಿ ಜೋರಾಗಿ ಮೋಡ ಮುಚ್ಚಿದ ದಿನ, ತುಂತುರು ಬಿದ್ದ ದಿನ ಯಾರೂ ಹೊರಗೆ ಹೋಗುವುದಿಲ್ಲ. ಅದನ್ನು ಬೆಳಗ್ಗೆ ಸರ್ ಮತ್ತು ನಾನು ಸೇರಿ ನಿರ್ಧರಿಸುತ್ತೇವೆ. ಇಷ್ಟೆಲ್ಲ ಇಟ್ಟುಕೊಂಡ ಮೇಲೂ, ಚಳಿ ಇದೆ ಅನ್ನುವ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಮಗುವನ್ನು ಕೋಣೆಯೊಳಗೆ ಕೂರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಹಿಂಗಾರಿ ಬೆಳೆ ನಿಲ್ಲುವುದೇ ಈ ಚಳಿ, ಈ ಇಬ್ಬನಿ, ನೆಲ ಹಿಡಿದಿಟ್ಟ ಈ ತೇವದ ಮೇಲೆ. ಅದನ್ನು ಕಲಿಯುವ ಕಾಲ ಇದು. ಬೇಸಿಗೆಯಲ್ಲಿ ಕಲಿಸಲು ಬರುವುದಿಲ್ಲ.

ಶನಿವಾರ ಮಗುವಿಗೆ ಬಿಸಿಯಾಗಿ ಏನಾದರೂ ತಿನ್ನಿಸಿ, ಸ್ವೆಟರ್, ಕಿವಿ ಮುಚ್ಚುವ ಟೋಪಿ, ಉದ್ದ ಪ್ಯಾಂಟು, ಬೂಟು ಹಾಕಿ ಏಳೂಕಾಲಿಗೆ ಶಾಲೆಗೆ ಕಳಿಸಿ.

ಸ್ವೆಟರ್ ಕೊಳ್ಳುವುದು ಕಷ್ಟ ಅನ್ನುವವರು ಸಂಕೋಚ ಪಡಬೇಡಿ. ತರಗತಿ ಶಿಕ್ಷಕಿಯ ಹತ್ತಿರ ಒಂದು ಮಾತು ಹೇಳಿದರೆ ಸಾಕು, ಟ್ರಂಕಿನಲ್ಲಿ ಇದೆ. ಮಕ್ಕಳು ದೊಡ್ಡವರಾಗಿ ಚಿಕ್ಕದಾದ ಸ್ವೆಟರ್ ನಿಮ್ಮ ಮನೆಯಲ್ಲಿ ಇದ್ದರೆ ತೊಳೆದು ಕಳಿಸಿಕೊಡಿ.

ಸಹಿ ಮಾಡಿದ ಪಾಲಕರಲ್ಲಿ ಯಾರಿಗೆ ಬಿಡುವಿದೆಯೋ ಅವರು ಈ ಶನಿವಾರ ನಮ್ಮ ಜೊತೆ ಬನ್ನಿ. ಶಾಲೆಯ ಹಿಂದಿನ ಜೋಳದ ಹೊಲಕ್ಕೆ ಹೋಗುತ್ತೇವೆ. ಮಣ್ಣನ್ನು ಒಂದು ಗೇಣು ಅಗೆದು ತೇವ ಎಲ್ಲಿಂದ ಶುರುವಾಗುತ್ತದೆ ಅಂತ ಐದನೆಯ ತರಗತಿಯವರು ಅಳೆಯುವುದಿದೆ. ಇದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ನೀವು ಬಂದು ಹೇಳಿಕೊಟ್ಟರೆ ಮಕ್ಕಳಿಗೂ ಖುಷಿ, ಸರ್‌ಗೂ ಖುಷಿ. ನಿಮ್ಮ ಮಗುವಿನ ಕೈ ತಣ್ಣಗಿದೆಯೋ ಬೆಚ್ಚಗಿದೆಯೋ ನೀವೇ ಮುಟ್ಟಿ ನೋಡಿ.

ಎಳ್ಳ ಅಮಾವಾಸ್ಯೆಯ ವಾರ ಬಯಲು ತರಗತಿ ಇಲ್ಲ. ಬೆಳೆದ ಹೊಲಕ್ಕೆ ನೈವೇದ್ಯ ಎರಚಿ ಚರಗ ಚೆಲ್ಲಲು ಮಕ್ಕಳು ನಿಮ್ಮ ಜೊತೆ ಹೇಗೂ ಹೊಲಕ್ಕೆ ಬರುತ್ತಾರೆ. ಅಂದು ನಿಮ್ಮ ಹೊಲದಲ್ಲಿ ಕಂಡ ಬೆಳೆ, ಹುಳ, ಹಕ್ಕಿಗಳ ಹೆಸರನ್ನು ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಸರ್ ಹೇಳಿದ್ದಾರೆ. ಅಜ್ಜ ಅಜ್ಜಿಯರಿಗೆ ಮೊದಲೇ ತಿಳಿಸಿಡಿ, ಪ್ರಶ್ನೆ ಜಾಸ್ತಿ ಇರುತ್ತವೆ.

ಇನ್ನೂ ಮಾತಾಡಬೇಕು ಅನ್ನಿಸಿದರೆ ಬುಧವಾರ, ಗುರುವಾರ ಸಂಜೆ ನಾಲ್ಕೂವರೆಯ ಮೇಲೆ ನಾನು ಶಾಲೆಯಲ್ಲೇ ಇರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ